ಮಂದ ಬೆಳಕು, ಮಿಂಚಿನ ಓಟ: ಒಳಾಂಗಣ ರೋಡಿಯೊ ಛಾಯಾಗ್ರಹಣ

ರೋಡಿಯೊ ಅಮೆರಿಕದ ಪಶ್ಚಿಮ ಪ್ರಾಂತ್ಯದ ದನಗಾಹಿಗಳ ಕಸುಬಿನಿಂದ ಬೆಳೆದ ಕ್ರೀಡೆ. ಕುಪ್ಪಳಿಸುವ ಕುದುರೆಯ ಅಥವಾ ಗೂಳಿಯ ಬೆನ್ನ ಮೇಲೆ ಎಂಟು ಸೆಕೆಂಡ್ ಬೀಳದೆ ಕೂರುವುದು, ಓಡುವ ಕರುವಿನ ಕೊರಳಿಗೆ ಕುಣಿಕೆ ಎಸೆಯುವುದು, ಮೂರು ಪೀಪಾಯಿಗಳನ್ನು ಸುತ್ತಿ ಕುದುರೆ ಓಡಿಸುವುದು ಇದರ ಮುಖ್ಯ ಸ್ಪರ್ಧೆಗಳು. ಬಯಲಿನಲ್ಲಿ, ಹಗಲಿನಲ್ಲಿ ನಡೆದರೆ ಇದನ್ನು ಚಿತ್ರದಲ್ಲಿ ಹಿಡಿಯುವುದು ಅಷ್ಟು ಕಷ್ಟವಲ್ಲ. ಅದೇ ಆಟ ಚಾವಣಿಯ ಕೆಳಗೆ, ದೀಪಗಳ ಬೆಳಕಿನಲ್ಲಿ ನಡೆದಾಗ ಕ್ರೀಡಾ ಛಾಯಾಗ್ರಹಣದ ಕಠಿಣ ಪರೀಕ್ಷೆಗಳಲ್ಲಿ ಒಂದಾಗುತ್ತದೆ. ಬೆಳಕು ಕಡಿಮೆ, ವೇಗ ವಿಪರೀತ, ಗಾಳಿಯಲ್ಲಿ ದೂಳು, ಕಣ್ಣಿಗೆ ಕಬ್ಬಿಣದ ಬೇಲಿಯ ಅಡ್ಡಿ. ಇಂಥಲ್ಲಿ ಸ್ಫುಟವಾದ ಚಿತ್ರ ಸಿಗಬೇಕಾದರೆ ಬೆಳಕಿನ ಲೆಕ್ಕ ಗೊತ್ತಿರಬೇಕು, ಅದಕ್ಕಿಂತ ಹೆಚ್ಚಾಗಿ ಆಟದ ಲಯ ಗೊತ್ತಿರಬೇಕು. ಕ್ಯಾಮೆರಾ ಎಷ್ಟೇ ದುಬಾರಿಯದಾದರೂ ತುಂಬಿಕೊಡಲಾಗದ ಕೊರತೆಯನ್ನು ಆ ತಿಳಿವಳಿಕೆ ತುಂಬಿಕೊಡುತ್ತದೆ.

ಚಾವಣಿಯ ಕೆಳಗೆ ಬಂದ ಆಟ

ಮೆಕ್ಸಿಕೊದ ‘ವಕೇರೊ’ ಎಂಬ ಕುದುರೆ ಸವಾರ ದನಗಾಹಿಗಳ ಕೌಶಲಗಳು ಉತ್ತರಕ್ಕೆ ಹರಡಿ, 19ನೇ ಶತಮಾನದಲ್ಲಿ ಅಮೆರಿಕದ ರಾಂಚುಗಳಲ್ಲಿ ಪೈಪೋಟಿಯ ರೂಪ ಪಡೆದವು. ಒಳಾಂಗಣದಲ್ಲಿ ಸ್ಪರ್ಧೆಯಾಗಿ ನಡೆದ ಮೊದಲ ರೋಡಿಯೊ ತಮ್ಮದೇ ಎಂದು ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದವರು ಹೇಳಿಕೊಳ್ಳುತ್ತಾರೆ. ಅದು 1918ರಲ್ಲಿ ಅಲ್ಲಿನ ಜಾನುವಾರು ಮಾರುಕಟ್ಟೆಯ ಪಕ್ಕದ ಕೊಲಿಸಿಯಂನಲ್ಲಿ ನಡೆಯಿತು. 1920ರ ದಶಕದಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೂ ರೋಡಿಯೊ ಬಂತು. 1936ರಲ್ಲಿ ಬಾಸ್ಟನ್ ಗಾರ್ಡನ್ ಒಳಾಂಗಣದಲ್ಲಿ ಬಹುಮಾನದ ಹಣಕ್ಕಾಗಿ ಸವಾರರು ಹೂಡಿದ ಮುಷ್ಕರದಿಂದಲೇ ಅವರ ಮೊದಲ ಸಂಘ ಹುಟ್ಟಿತು. ಇಂದಿನ ‘ಪ್ರೊಫೆಷನಲ್ ರೋಡಿಯೊ ಕೌಬಾಯ್ಸ್ ಅಸೋಸಿಯೇಷನ್’ ಅದರ ಮುಂದುವರಿಕೆ.

ವರ್ಷದ ಕೊನೆಯ ದೊಡ್ಡ ಸ್ಪರ್ಧೆಯಾದ ನ್ಯಾಷನಲ್ ಫೈನಲ್ಸ್ ರೋಡಿಯೊ 1959ರಲ್ಲಿ ಡಲ್ಲಾಸ್‌ನಲ್ಲಿ ಶುರುವಾಯಿತು. 1985ರಿಂದ ಅದು ಲಾಸ್ ವೇಗಸ್‌ನ ಥಾಮಸ್ ಅಂಡ್ ಮ್ಯಾಕ್ ಸೆಂಟರ್‌ನಲ್ಲಿ ನಡೆಯುತ್ತ ಬಂದಿದೆ. ಕೋವಿಡ್ ಕಾರಣದಿಂದ 2020ರಲ್ಲಿ ಮಾತ್ರ ಟೆಕ್ಸಾಸ್‌ನ ಆರ್ಲಿಂಗ್ಟನ್‌ಗೆ ಹೋಗಿತ್ತು. ಹ್ಯೂಸ್ಟನ್ ರೋಡಿಯೊ 1966ರಲ್ಲಿ ಆಸ್ಟ್ರೋಡೋಮ್ ಸೇರಿ, 2003ರಿಂದ ಪಕ್ಕದ ಹೊಸ ಕ್ರೀಡಾಂಗಣದಲ್ಲಿ ನಡೆಯುತ್ತಿದೆ. ಫೋರ್ಟ್ ವರ್ತ್‌ನ ರೋಡಿಯೊಗೆ 2020ರಿಂದ ಡಿಕೀಸ್ ಅರೀನಾ ನೆಲೆ. ಇವೆಲ್ಲ ಟಿವಿ ಪ್ರಸಾರಕ್ಕೆಂದು ಚೆನ್ನಾಗಿ ಬೆಳಗಿಸಿದ ಜಾಗಗಳು. ಆದರೆ ಬಹುಪಾಲು ಒಳಾಂಗಣ ರೋಡಿಯೊಗಳು ನಡೆಯುವುದು ಜಿಲ್ಲಾ ಮಟ್ಟದ ಜಾತ್ರೆ ಮೈದಾನಗಳ ತಗಡಿನ ಚಾವಣಿಯ ಕಟ್ಟಡಗಳಲ್ಲಿ. ಬೆಳಕಿನ ನಿಜವಾದ ಬಡತನ ಇರುವುದು ಅಲ್ಲಿ.

ಮೊದಲು ಆಟ ತಿಳಿಯಬೇಕು

ರೋಡಿಯೊ ಸ್ಪರ್ಧೆಗಳಲ್ಲಿ ಎರಡು ಬಗೆ. ಮೊದಲನೆಯದು ಅಂಕದ ಸ್ಪರ್ಧೆಗಳು: ಜೀನಿಲ್ಲದ ಕುದುರೆ ಸವಾರಿ, ಜೀನು ಹಾಕಿದ ಕುದುರೆ ಸವಾರಿ, ಗೂಳಿ ಸವಾರಿ. ಮೂರರಲ್ಲೂ ಸವಾರ ಒಂದೇ ಕೈಯಲ್ಲಿ ಹಿಡಿದುಕೊಂಡು ಎಂಟು ಸೆಕೆಂಡ್ ಬೆನ್ನ ಮೇಲಿರಬೇಕು. ಇನ್ನೊಂದು ಕೈ ಪ್ರಾಣಿಗಾಗಲಿ ತನ್ನ ಮೈಗಾಗಲಿ ತಾಗಿದರೆ ಅನರ್ಹ. ನೂರು ಅಂಕಗಳಲ್ಲಿ ಅರ್ಧ ಸವಾರನಿಗೆ, ಅರ್ಧ ಪ್ರಾಣಿಗೆ. ಕುದುರೆ ಸವಾರಿಗಳಲ್ಲಿ ಇನ್ನೊಂದು ನಿಯಮವಿದೆ. ಕುದುರೆ ತನ್ನನ್ನು ಕೂಡಿಟ್ಟ ಇಕ್ಕಟ್ಟು ದೊಡ್ಡಿಯ ಬಾಗಿಲಿನಿಂದ ಹೊರಗೆ ನೆಗೆದು ಮುಂಗಾಲು ನೆಲಕ್ಕೆ ಊರುವ ಮೊದಲ ಸಲ, ಸವಾರನ ಬೂಟಿನ ಹಿಮ್ಮಡಿಗಳು ಅದರ ಭುಜದ ಮೇಲ್ಭಾಗದಲ್ಲಿ ಇರಲೇಬೇಕು. ಅಂದರೆ ಬಾಗಿಲು ತೆರೆದ ಮರುಗಳಿಗೆಯೇ ಸವಾರನ ಕಾಲುಗಳು ಮುಂದಕ್ಕೆ ಚಾಚಿ, ಮೈ ಹಿಂದಕ್ಕೆ ಬಾಗಿರುತ್ತದೆ. ಈ ನಿಯಮ ಬಲ್ಲ ಛಾಯಾಗ್ರಾಹಕನಿಗೆ ಮೊದಲ ನೆಗೆತದ ಚಿತ್ರ ಹೇಗಿರುತ್ತದೆಂದು ಮೊದಲೇ ಗೊತ್ತು.

ಎರಡನೆಯದು ಸಮಯದ ಸ್ಪರ್ಧೆಗಳು. ಕರು ಕಟ್ಟುವ ಸ್ಪರ್ಧೆಯಲ್ಲಿ ಸವಾರ ಕುಣಿಕೆ ಎಸೆದು, ಕುದುರೆಯಿಂದ ಹಾರಿ ಓಡಿ, ಕರುವನ್ನು ಕೆಡವಿ ಮೂರು ಕಾಲು ಕಟ್ಟುತ್ತಾನೆ. ಇಬ್ಬರ ಜೋಡಿ ಸ್ಪರ್ಧೆಯಲ್ಲಿ ಮೊದಲಿಗ ಹೋರಿಯ ಕೊಂಬಿಗೆ ಹಗ್ಗ ಬಿಗಿದು ಎಡಕ್ಕೆ ತಿರುಗುತ್ತಾನೆ, ಎರಡನೆಯವ ಹಿಂಗಾಲುಗಳಿಗೆ ಕುಣಿಕೆ ಹಾಕುತ್ತಾನೆ. ಹೋರಿ ಕೆಡಹುವ ಸ್ಪರ್ಧೆಯಲ್ಲಿ ಸವಾರ ಓಡುವ ಕುದುರೆಯಿಂದ ಬಲಕ್ಕೆ ಜಾರಿ ಹೋರಿಯ ಕೊಂಬು ಹಿಡಿಯುತ್ತಾನೆ. ಹೋರಿಯ ಇನ್ನೊಂದು ಬದಿಯಲ್ಲಿ ಮತ್ತೊಬ್ಬ ಸವಾರ ಅದು ಅಡ್ಡಹೋಗದಂತೆ ಕಾಯುತ್ತ ಓಡುತ್ತಾನೆ. ಹಾಗಾಗಿ ಆ ಬದಿಯಿಂದ ತೆಗೆದರೆ ಚಿತ್ರದ ತುಂಬ ಕಾವಲು ಕುದುರೆಯೇ ಕಾಣುತ್ತದೆ, ಎದುರಿನಿಂದ ತೆಗೆದರೆ ಮೂರೂ ಪ್ರಾಣಿಗಳು, ಇಬ್ಬರೂ ಸವಾರರು ಒಟ್ಟಿಗೆ ಸಿಗುತ್ತಾರೆ. ಎಲ್ಲಿ ನಿಲ್ಲಬೇಕೆಂಬುದನ್ನು ಆಟದ ನಿಯಮವೇ ಹೇಳಿಕೊಡುತ್ತದೆ.

ಬೆಳಕಿನ ಲೆಕ್ಕ

ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಸುಮಾರು 1 ಲಕ್ಷ ಲಕ್ಸ್ ಬೆಳಕು ಚೆಲ್ಲುತ್ತದೆ. ಸಾಧಾರಣ ಒಳಾಂಗಣ ಅಖಾಡದಲ್ಲಿ ಸಿಗುವುದು 300ರಿಂದ 600 ಲಕ್ಸ್. ಟಿವಿ ಪ್ರಸಾರವಿರುವ ದೊಡ್ಡ ಕ್ರೀಡಾಂಗಣದಲ್ಲಿ ಅದು 1500 ಲಕ್ಸ್ ದಾಟಬಹುದು. ಮನುಷ್ಯನ ಕಣ್ಣು ಈ ವ್ಯತ್ಯಾಸಕ್ಕೆ ಹೊಂದಿಕೊಂಡುಬಿಡುವುದರಿಂದ ಪ್ರೇಕ್ಷಕನಿಗೆ ಎಲ್ಲವೂ ಝಗಮಗಿಸುವಂತೆ ಕಾಣುತ್ತದೆ. ಕ್ಯಾಮೆರಾಕ್ಕೆ ಅಂಥ ಭ್ರಮೆಯಿಲ್ಲ.

300 ಲಕ್ಸ್ ಆಸುಪಾಸಿನ ಬೆಳಕಿನಲ್ಲಿ ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರ್ ಎಫ್/2.8 ಇಟ್ಟು, ಶಟರ್ ವೇಗ 1/1000 ಸೆಕೆಂಡ್ ಬೇಕೆಂದರೆ ಬೆಳಕಿನ ಸಂವೇದನೆಯ ಮಟ್ಟವಾದ ಐಎಸ್‌ಒ 6400 ಬೇಕಾಗುತ್ತದೆ. ಲೆನ್ಸ್ ಎಫ್/4ಕ್ಕಿಂತ ಹೆಚ್ಚು ತೆರೆಯದಿದ್ದರೆ ಐಎಸ್‌ಒ 12800. ಕ್ಯಾಮೆರಾದ ಜೊತೆ ಬರುವ ಅಗ್ಗದ ಜೂಮ್ ಲೆನ್ಸಿನಲ್ಲಿ ಉದ್ದದ ತುದಿಗೆ ಎಫ್/5.6 ಮಾತ್ರ ಸಿಕ್ಕರೆ ಐಎಸ್‌ಒ 25600. ಇಲ್ಲಿ ಮೂರು ಹಗ್ಗಗಳ ಜಗ್ಗಾಟವಿದೆ. ಶಟರ್ ವೇಗ ಹೆಚ್ಚಿಸಿದರೆ ಚಲನೆಯ ಮಸುಕು ಕಡಿಮೆಯಾಗುತ್ತದೆ, ಚಿತ್ರ ಕಪ್ಪಾಗುತ್ತದೆ. ಅಪರ್ಚರ್ ತೆರೆದರೆ ಬೆಳಕು ಹೆಚ್ಚುತ್ತದೆ, ಫೋಕಸ್ ಆಗುವ ಆಳ ತೆಳುವಾಗುತ್ತದೆ. ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ನಾಯ್ಸ್ ಎಂಬ ಕಾಳುಕಾಳಾದ ಕಲೆ ಕಾಣಿಸಿಕೊಳ್ಳುತ್ತದೆ.

ಈ ಮೂರರಲ್ಲಿ ಯಾವುದನ್ನು ಬಿಟ್ಟುಕೊಡಬೇಕು? ಉತ್ತರ ಸ್ಪಷ್ಟ: ನಾಯ್ಸ್ ಬಂದರೆ ಬರಲಿ. ಅದನ್ನು ಆಮೇಲೆ ತಗ್ಗಿಸಬಹುದು. ಮಸುಕಾದ ಕಣ್ಣನ್ನು, ತಪ್ಪಿದ ಫೋಕಸನ್ನು ಯಾವ ತಂತ್ರಾಂಶವೂ ಪ್ರಾಮಾಣಿಕವಾಗಿ ಸರಿಪಡಿಸಲಾರದು. ಇನ್ನೊಂದು ಮಾತು. ಐಎಸ್‌ಒಗೆ ಹೆದರಿ ಕಡಿಮೆ ಎಕ್ಸ್‌ಪೋಶರ್ ಕೊಟ್ಟು, ಮನೆಗೆ ಬಂದು ಚಿತ್ರ ಬೆಳಗಿಸಿದರೆ ನೆರಳಿನಲ್ಲಿ ನಾಯ್ಸ್ ಎದ್ದುಬರುತ್ತದೆ. ಮೊದಲೇ ಐಎಸ್‌ಒ ಏರಿಸಿ ಸರಿಯಾದ ಎಕ್ಸ್‌ಪೋಶರ್ ಕೊಡುವುದು ಲೇಸು.

ಶಟರ್ ವೇಗ ಎಷ್ಟಿರಬೇಕು?

ಒಂದು ಉದಾಹರಣೆ ನೋಡೋಣ. ಚೌಕಟ್ಟಿನಲ್ಲಿ 4 ಮೀಟರ್ ಅಗಲದ ದೃಶ್ಯವಿದೆ. ಕುದುರೆ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುತ್ತಿದೆ. 1/250 ಸೆಕೆಂಡಿನಲ್ಲಿ ಅದು 32 ಮಿಲಿಮೀಟರ್ ಸರಿದಿರುತ್ತದೆ, 1/500ರಲ್ಲಿ 16, 1/1000ರಲ್ಲಿ 8. ಈ ಚಿತ್ರವನ್ನು 30 ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿದರೆ ಮಸುಕಿನ ಅಗಲ ಕ್ರಮವಾಗಿ 2.4, 1.2, 0.6 ಮಿಲಿಮೀಟರ್ ಆಗುತ್ತದೆ. ಮೊದಲನೆಯದು ಯಾರಿಗಾದರೂ ಕಾಣುತ್ತದೆ. ಮೂರನೆಯದನ್ನು ಹತ್ತಿರದಿಂದ ನೋಡಿದವರು ಮಾತ್ರ ಗುರುತಿಸುತ್ತಾರೆ. ಕ್ಯಾಮೆರಾವನ್ನು ಕುದುರೆಯ ಜೊತೆಜೊತೆಗೇ ತಿರುಗಿಸಿದರೆ ಮೈಯ ಮಸುಕು ಇನ್ನಷ್ಟು ಇಳಿಯುತ್ತದೆ. ಗೊರಸುಗಳು ಮಾತ್ರ ಮೈಗಿಂತ ವೇಗವಾಗಿ ಬೀಸುವುದರಿಂದ ಕೊಂಚ ಅಳಿಸಿದಂತೆ ಉಳಿಯುತ್ತವೆ.

ದಿಕ್ಕೂ ಮುಖ್ಯ. ಕ್ಯಾಮೆರಾದ ಕಡೆಗೇ ಓಡಿಬರುವ ಪ್ರಾಣಿ ಚೌಕಟ್ಟಿನಲ್ಲಿ ಅಡ್ಡಲಾಗಿ ಸರಿಯುವುದು ಬಹಳ ಕಡಿಮೆ. ಆದ್ದರಿಂದ ಅಡ್ಡ ಓಟಕ್ಕೆ 1/1000 ಬೇಕಾದಲ್ಲಿ ಎದುರು ಓಟಕ್ಕೆ 1/500 ಸಾಕಾಗಬಹುದು. ಮಂದ ಬೆಳಕಿನ ಅಖಾಡದಲ್ಲಿ ನಿಲ್ಲುವ ಜಾಗ ಬದಲಿಸಿಯೇ ಒಂದಿಡೀ ಸ್ಟಾಪ್, ಅಂದರೆ ಎರಡರಷ್ಟು ಬೆಳಕು ಉಳಿಸಿಕೊಳ್ಳುವ ದಾರಿಯಿದು. ಒಟ್ಟಾರೆ ಕುದುರೆ ಮತ್ತು ಗೂಳಿ ಸವಾರಿಗೆ 1/800ರಿಂದ 1/1000, ಅವಕಾಶವಿದ್ದರೆ 1/1600. 1/500 ಕೊನೆಯ ಗಡಿ.

ಚಲನೆ ನಿಲ್ಲುವ ಗಳಿಗೆ

ಮೇಲಕ್ಕೆಸೆದ ಯಾವುದೇ ವಸ್ತು ತುತ್ತತುದಿಯಲ್ಲಿ ಒಂದು ಗಳಿಗೆ ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ಇರುತ್ತದೆ. ನಾಲ್ಕೂ ಕಾಲು ನೆಲ ಬಿಟ್ಟು ನೆಗೆದ ಕುದುರೆಗೂ ಇದೇ ನಿಯಮ. ನೆಗೆತದ ತುದಿಗೆ 1/20 ಸೆಕೆಂಡ್ ಹಿಂದೆ ಮುಂದೆ ಅದರ ಒಟ್ಟು ಮೈ ಏರಿಳಿಯುವುದು ಬರೀ 12 ಮಿಲಿಮೀಟರ್. ಅದೇ ಮೈ 60 ಸೆಂಟಿಮೀಟರ್ ಎತ್ತರದಿಂದ ಇಳಿದು ನೆಲ ಮುಟ್ಟುವಾಗ ಸೆಕೆಂಡಿಗೆ 3 ಮೀಟರಿಗೂ ಹೆಚ್ಚು ವೇಗ ಪಡೆದಿರುತ್ತದೆ. ಹಾಗಾಗಿ 1/500ರಲ್ಲಿ ತೆಗೆದ ತುದಿಯ ಚಿತ್ರ, 1/1000ರಲ್ಲಿ ತೆಗೆದ ಇಳಿತದ ಚಿತ್ರಕ್ಕಿಂತ ಸ್ಫುಟವಾಗಿರಬಲ್ಲದು. ಹಿಂಗಾಲು ಗರಿಷ್ಠ ಎತ್ತರಕ್ಕೆ ಝಾಡಿಸಿದ, ಸವಾರನ ಬಿಡುಗೈ ತಲೆಯ ಮೇಲೆ ಚಾಚಿದ ಭಂಗಿ ಸಿಗುವುದೂ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ. ನೋಡುಗನಿಗೆ ಅತಿ ರೋಮಾಂಚಕವಾದ ಕ್ಷಣ, ಕ್ಯಾಮೆರಾಕ್ಕೆ ಅತಿ ಸುಲಭವಾದ ಕ್ಷಣವೂ ಹೌದು.

ಕಷ್ಟವಿರುವುದು ಅದನ್ನು ಹಿಡಿಯುವುದರಲ್ಲಿ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು. ತುದಿ ಕಂಡ ಮೇಲೆ ಒತ್ತಿದರೆ ಸಿಗುವುದು ಇಳಿದ ಕುದುರೆ. ಆದ್ದರಿಂದ ಪ್ರಾಣಿಯ ಲಯವನ್ನು ಮೈಗೂಡಿಸಿಕೊಳ್ಳಬೇಕು. ಕುದುರೆ ನೆಗೆಯುವ ಮುನ್ನ ತಲೆ ತಗ್ಗಿಸುತ್ತದೆ, ಬೆನ್ನು ಕಮಾನಾಗುತ್ತದೆ, ಭಾರ ಮುಂಗಾಲಿಗೆ ಸರಿಯುತ್ತದೆ. ಗುಂಡಿ ಒತ್ತಬೇಕಾದ್ದು ಆ ಸೂಚನೆ ಕಂಡಾಗ. ಗೂಳಿ ಒಂದೆಡೆ ಗಿರಗಿರ ತಿರುಗತೊಡಗಿದರೆ ಪ್ರತಿ ಸುತ್ತಿಗೂ ಸವಾರನ ಮುಖ ಒಮ್ಮೆ ಕ್ಯಾಮೆರಾದತ್ತ ಬರುತ್ತದೆ. ಒಂದು ಸುತ್ತು ನೋಡಿ ಲೆಕ್ಕ ಹಿಡಿದು, ಮುಂದಿನ ಸುತ್ತಿಗೆ ಕಾಯಬೇಕು.

ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೆ ಎಂಟು ಸೆಕೆಂಡಿನ ಸವಾರಿಯಲ್ಲಿ 160 ಚಿತ್ರಗಳಾಗುತ್ತವೆ. ಅಷ್ಟನ್ನೂ ಒತ್ತಿ ಹಿಡಿದರೆ ಕ್ಯಾಮೆರಾದ ತಾತ್ಕಾಲಿಕ ಸ್ಮೃತಿ ತುಂಬಿ, ಸವಾರ ಬೀಳುವ ಹೊತ್ತಿಗೆ ಕ್ಯಾಮೆರಾ ತಡವರಿಸಬಹುದು. ನೆಗೆತಕ್ಕೊಂದರಂತೆ ಮೂರು ನಾಲ್ಕು ಚಿತ್ರಗಳ ಸಣ್ಣ ಸಣ್ಣ ಕಂತು ಒಳ್ಳೆಯದು. ಗುಂಡಿ ಒತ್ತುವ ಮೊದಲಿನ ಅರೆಗಳಿಗೆಯ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ ಈಚಿನ ಕೆಲವು ಕ್ಯಾಮೆರಾಗಳಲ್ಲಿದೆ. ಅದು ತಡವಾದ ಬೆರಳಿಗೆ ನೆರವಾಗುತ್ತದೆ, ಆಟ ತಿಳಿಯದ ಕಣ್ಣಿಗಲ್ಲ.

ಲೆನ್ಸು ಮತ್ತು ಫೋಕಸ್

ಒಳಾಂಗಣ ರೋಡಿಯೊಗೆ 70-200 ಮಿಲಿಮೀಟರ್ ಎಫ್/2.8 ಜೂಮ್ ಲೆನ್ಸ್ ಬಹುಜನರ ಆಯ್ಕೆ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ, 15 ಮೀಟರ್ ದೂರದಿಂದ, 70ರಲ್ಲಿ ಸುಮಾರು 7.7 ಮೀಟರ್ ಅಗಲದ ದೃಶ್ಯವೂ 200ರಲ್ಲಿ 2.7 ಮೀಟರ್ ಅಗಲದ ದೃಶ್ಯವೂ ಸಿಗುತ್ತದೆ. ಗೂಳಿ, ಸವಾರ, ಸುತ್ತ ಒಂದಿಷ್ಟು ಉಸಿರಾಡುವ ಜಾಗ ಬೇಕೆಂದರೆ 4 ಮೀಟರ್ ಅಗಲ ಬೇಕು. ಅದು ಈ ದೂರದಿಂದ 135 ಮಿಲಿಮೀಟರಿಗೆ ಸಿಗುತ್ತದೆ. ಕಡಿಮೆ ಖರ್ಚಿನ ದಾರಿ 85 ಮಿಲಿಮೀಟರ್ ಎಫ್/1.8 ಲೆನ್ಸ್. ಎಫ್/2.8ಕ್ಕಿಂತ ಒಂದೂಕಾಲು ಸ್ಟಾಪ್ ಹೆಚ್ಚು ಬೆಳಕು ಕೊಡುವ ಈ ಲೆನ್ಸ್, ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 130 ಮಿಲಿಮೀಟರಿನಷ್ಟು ಹತ್ತಿರ ತೋರಿಸುತ್ತದೆ.

ಅಪರ್ಚರ್ ತೆರೆದಷ್ಟೂ ಫೋಕಸಿನ ಆಳ ತೆಳು. 200 ಮಿಲಿಮೀಟರಿನಲ್ಲಿ ಎಫ್/2.8ಕ್ಕೆ, 15 ಮೀಟರ್ ದೂರದಲ್ಲಿ, ಸ್ಫುಟವಾಗಿ ಕಾಣುವ ಆಳ ಒಂದು ಮೀಟರಿಗೆ ತುಸು ಕಡಿಮೆ. 10 ಮೀಟರಿನಲ್ಲಿ ಅರ್ಧ ಮೀಟರೂ ಇಲ್ಲ. ಕುದುರೆಯ ಮೈಯುದ್ದ ಅದಕ್ಕಿಂತ ಎಷ್ಟೋ ಹೆಚ್ಚು. ಎದುರಿಗೆ ಬರುವ ಕುದುರೆಯ ಮೂತಿಗೆ ಫೋಕಸ್ ಬಿದ್ದರೆ ಸವಾರನ ಮುಖ ಮಸುಕಾಗುತ್ತದೆ. ಆದ್ದರಿಂದ ಫೋಕಸ್ ಬಿಂದು ಸವಾರನ ಎದೆ ಅಥವಾ ಮುಖದ ಮೇಲಿರಬೇಕು. ಪ್ರಾಣಿಗಳನ್ನು ತಾನೇ ಗುರುತಿಸುವ ಕ್ಯಾಮೆರಾ ಕುದುರೆಯ ಕಣ್ಣಿಗೆ ಅಂಟಿಕೊಂಡು ಸವಾರನನ್ನು ಬಿಟ್ಟುಬಿಡಬಹುದು. ಸವಾರಿಯ ಸ್ಪರ್ಧೆಗಳಲ್ಲಿ ಗುರುತಿಸುವಿಕೆಯನ್ನು ಮನುಷ್ಯನಿಗೆ ಹೊಂದಿಸುವುದು ಹೆಚ್ಚು ಸುರಕ್ಷಿತ.

ಫೋಕಸನ್ನು ನಿರಂತರ ಹಿಂಬಾಲಿಸುವ ವಿಧಾನದಲ್ಲಿ ಇಡಬೇಕು. ಬೇಲಿಯ ಕಂಬಿ, ನಡುವೆ ಹಾದುಹೋಗುವ ರಕ್ಷಣಾ ಸವಾರ, ಎದ್ದ ದೂಳು ಇವುಗಳತ್ತ ಫೋಕಸ್ ಜಿಗಿಯದಂತೆ ಹಿಂಬಾಲಿಸುವಿಕೆಯ ಚುರುಕನ್ನು ಒಂದು ಹಂತ ತಗ್ಗಿಸಬೇಕು. ಬಹಳ ಮಂದಿ ಫೋಕಸನ್ನು ಕ್ಯಾಮೆರಾದ ಹಿಂಬದಿಯ ಗುಂಡಿಗೆ ವಹಿಸುತ್ತಾರೆ. ಆಗ ಬಾಗಿಲು ತೆರೆಯುವ ಮುನ್ನ ಹೆಬ್ಬೆರಳಿನಿಂದ ಸವಾರನ ಮೇಲೆ ಫೋಕಸ್ ಮಾಡಿಟ್ಟುಕೊಂಡು, ತೆರೆದೊಡನೆ ಹಿಂಬಾಲಿಸಬಹುದು. ಸವಾರ ತಲೆಯಾಡಿಸಿ ಸನ್ನೆ ಮಾಡಿದ ಮೇಲೆಯೇ ಬಾಗಿಲು ತೆರೆಯುವುದು. ಆ ಸನ್ನೆಯೇ ಛಾಯಾಗ್ರಾಹಕನಿಗೂ ಕರೆಗಂಟೆ.

ದೀಪಗಳ ಮಿಣುಕು

ಒಂದೇ ಕಂತಿನ ಚಿತ್ರಗಳಲ್ಲಿ ಒಂದು ಬೆಳ್ಳಗೆ, ಮುಂದಿನದು ಕಂದು, ಅದರ ಮುಂದಿನದು ಅರ್ಧ ಕಪ್ಪು: ಒಳಾಂಗಣದಲ್ಲಿ ಹೊಸಬರನ್ನು ಕಂಗೆಡಿಸುವ ಸಮಸ್ಯೆಯಿದು. ಕಾರಣ ಕ್ಯಾಮೆರಾದಲ್ಲಿಲ್ಲ, ದೀಪಗಳಲ್ಲಿದೆ. ಪರ್ಯಾಯ ವಿದ್ಯುತ್ತಿನಿಂದ ಉರಿಯುವ ಮೆಟಲ್ ಹ್ಯಾಲೈಡ್ ಮತ್ತು ಟ್ಯೂಬ್ ದೀಪಗಳು ವಿದ್ಯುತ್ತಿನ ಪ್ರತಿ ಆವರ್ತಕ್ಕೆ ಎರಡು ಸಲ ಮಂಕಾಗುತ್ತವೆ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 60 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 120 ಮಿಣುಕು. ಭಾರತದಲ್ಲಿ 50 ಹರ್ಟ್ಸ್, 100 ಮಿಣುಕು. ಕಣ್ಣಿಗೆ ಇದು ಕಾಣದು. ಆದರೆ 1/1000 ಸೆಕೆಂಡಿನ ಶಟರ್ ಒಂದು ಮಿಣುಕಿನ ಎಂಟನೇ ಒಂದು ಪಾಲನ್ನಷ್ಟೇ ಕತ್ತರಿಸಿಕೊಳ್ಳುತ್ತದೆ. ಆ ಪಾಲು ಏರಿನದೋ ಇಳಿತದ್ದೋ ಎಂಬುದರ ಮೇಲೆ ಚಿತ್ರದ ಬೆಳಕೂ ಬಣ್ಣವೂ ಬದಲಾಗುತ್ತವೆ.

ಇದಕ್ಕೆ ಪರಿಹಾರವೆಂದರೆ ಮಿಣುಕು ತಡೆ ಸೌಲಭ್ಯ. ಕ್ಯಾನನ್ 2014ರ 7ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಇದನ್ನು ತಂದಿತು. ಈಗ ಬಹುತೇಕ ಕ್ರೀಡಾ ಕ್ಯಾಮೆರಾಗಳಲ್ಲಿದೆ. ಕ್ಯಾಮೆರಾ ದೀಪದ ಲಯವನ್ನು ಅಳೆದು, ಬೆಳಕು ಗರಿಷ್ಠವಾಗಿರುವಾಗಲೇ ಶಟರ್ ತೆರೆಯುತ್ತದೆ. ಕಂತಿನ ವೇಗ ತುಸು ಇಳಿಯುತ್ತದೆ, ಎಕ್ಸ್‌ಪೋಶರ್ ಮಾತ್ರ ಸಮವಾಗಿರುತ್ತದೆ. ಎಲ್‌ಇಡಿ ದೀಪಗಳದು ಬೇರೆ ಕಥೆ. ಕೆಲವು ಮಿಣುಕುವುದೇ ಇಲ್ಲ, ಕೆಲವು ಅತಿ ವೇಗದಲ್ಲಿ ಮಿಣುಕುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಅಂಥ ಬೆಳಕಿನಲ್ಲಿ ಚಿತ್ರಕ್ಕೆ ಅಡ್ಡಪಟ್ಟಿಗಳು ಬೀಳುತ್ತವೆ. ಅಖಾಡದ ಸುತ್ತಲಿನ ಜಾಹೀರಾತು ಪರದೆಗಳಲ್ಲಿ ಇದು ಎದ್ದು ಕಾಣುತ್ತದೆ. ಆಗ ಯಾಂತ್ರಿಕ ಶಟರಿಗೆ ಬದಲಾಗಬೇಕು, ಇಲ್ಲವೆ ಶಟರ್ ವೇಗವನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಲಭ್ಯ ಬಳಸಬೇಕು.

ಎಕ್ಸ್‌ಪೋಶರ್, ಬಣ್ಣ, ಟೋಪಿಯ ನೆರಳು

ಕಪ್ಪು ಗೂಳಿ ಚೌಕಟ್ಟು ತುಂಬಿದರೆ ಕ್ಯಾಮೆರಾದ ಮೀಟರ್ ಬೆಳಕು ಹೆಚ್ಚಿಸುತ್ತದೆ. ಹೊಳೆಯುವ ಜಾಹೀರಾತು ಫಲಕ ಹಿಂದೆ ಬಂದರೆ ಕಡಿಮೆ ಮಾಡುತ್ತದೆ. ಅಖಾಡದ ಬೆಳಕು ಮಾತ್ರ ಇದ್ದ ಹಾಗೇ ಇರುತ್ತದೆ. ಹಾಗಾಗಿ ಸ್ಪರ್ಧೆಯುದ್ದಕ್ಕೂ ಮ್ಯಾನ್ಯುಯಲ್ ಎಕ್ಸ್‌ಪೋಶರ್ ಇಡುವುದೇ ಸರಿ. ಆರಂಭದಲ್ಲಿ ಧ್ವಜ ಹಿಡಿದ ಸವಾರರು ಅಖಾಡ ಸುತ್ತುವ ಮೆರವಣಿಗೆ ಅಳತೆ ನೋಡಲು ಒಳ್ಳೆಯ ಅವಕಾಶ. ಬಾಗಿಲುಗಳ ಮುಂದೆ, ಮಧ್ಯದಲ್ಲಿ, ದೂರದ ಮೂಲೆಯಲ್ಲಿ ಬೆಳಕು ಬೇರೆ ಬೇರೆ ಇರಬಹುದು. ಮೂರು ಕಡೆಯೂ ಪರೀಕ್ಷಾ ಚಿತ್ರ ತೆಗೆದು, ಮುಖದ ಬೆಳಕು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ದೀಪಗಳು ನೆತ್ತಿಯ ಮೇಲೆ, ಸವಾರನ ತಲೆಯಲ್ಲಿ ಅಗಲ ಅಂಚಿನ ಟೋಪಿ. ಪರಿಣಾಮವಾಗಿ ಮುಖ ಕತ್ತಲಲ್ಲಿ. ತಿಳಿ ಬಣ್ಣದ ಮಣ್ಣಿನಿಂದ ಪುಟಿದ ಬೆಳಕು ಕೆಳಗಿನಿಂದ ಅಲ್ಪಸ್ವಲ್ಪ ನೆರವಾಗುತ್ತದೆ. ಸವಾರ ಹಿಂದಕ್ಕೆ ಬಾಗಿ ಮುಖ ಮೇಲೆತ್ತಿದ ಗಳಿಗೆಯನ್ನು ಕಾಯುವುದು ಇನ್ನೂ ಒಳ್ಳೆಯ ಉಪಾಯ. ಗೂಳಿ ಸವಾರರಲ್ಲಿ ಅನೇಕರು ಈಗ ಮುಖಜಾಲರಿಯಿರುವ ಹೆಲ್ಮೆಟ್ ಧರಿಸುತ್ತಾರೆ. ಅಲ್ಲಿ ಫೋಕಸನ್ನು ಜಾಲರಿಯ ಮೇಲೆ ಅಥವಾ ಎದೆಯ ರಕ್ಷಾಕವಚದ ಮೇಲೆ ಇಟ್ಟರೆ ಸಾಕು.

ಬಣ್ಣಕ್ಕೆ ತಟಸ್ಥ ಬೂದು ಬಣ್ಣದ ಕಾರ್ಡನ್ನು ಅಖಾಡದ ಬೆಳಕಿನಲ್ಲಿ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಬೇಕು. ಚಿತ್ರಗಳನ್ನು ರಾ ಕಡತದಲ್ಲಿ ತೆಗೆದರೆ ಆಮೇಲೆ ತಿದ್ದಲೂ ಅವಕಾಶವಿರುತ್ತದೆ.

ಫ್ಲ್ಯಾಶ್ ಬಳಸಬಹುದೇ?

ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಬೆಳೆಸಿ, ವೇಗದ ಚಲನೆಯನ್ನು ಕತ್ತಲಲ್ಲೂ ಹೆಪ್ಪುಗಟ್ಟಿಸಬಹುದೆಂದು ತೋರಿಸಿದರು. ಅದೇ ತತ್ವ ದೊಡ್ಡ ಒಳಾಂಗಣಗಳಲ್ಲಿ ಇಂದಿಗೂ ಇದೆ. ಅಧಿಕೃತ ಛಾಯಾಗ್ರಾಹಕರು ಚಾವಣಿಯ ನಡೆದಾರಿಗಳಲ್ಲಿ ಶಕ್ತಿಶಾಲಿ ಸ್ಟ್ರೋಬ್ ದೀಪಗಳನ್ನು ಕಟ್ಟಿ, ರೇಡಿಯೊ ಸಂಕೇತದಿಂದ ಹೊತ್ತಿಸುತ್ತಾರೆ. ಆಗ ಕಡಿಮೆ ಐಎಸ್‌ಒದಲ್ಲಿ, ಅಪರ್ಚರ್ ಕಿರಿದಾಗಿಸಿ, ಸ್ವಚ್ಛ ಚಿತ್ರ ತೆಗೆಯಬಹುದು. ಸ್ಟ್ರೋಬ್ ಮತ್ತೆ ಸಜ್ಜಾಗಲು ಸಮಯ ಬೇಕಾದ್ದರಿಂದ ಕಂತು ಕಂತಾಗಿ ತೆಗೆಯಲಾಗದು. ಒಂದು ನೆಗೆತಕ್ಕೆ ಒಂದೇ ಚಿತ್ರ. ಇಲ್ಲಿ ಲಯದ ಅರಿವೇ ಸರ್ವಸ್ವ.

ಪ್ರೇಕ್ಷಕರ ಸಾಲಿನಿಂದ, ಬೇಲಿಯ ಪಕ್ಕದಿಂದ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊಡೆಯುವುದು ಬೇರೆ ವಿಷಯ. ಅದು 15 ಮೀಟರ್ ಆಚೆಗೆ ಹೆಚ್ಚೇನೂ ಬೆಳಗಿಸದು, ನಡುವಿನ ದೂಳಿನ ಕಣಗಳನ್ನು ಬಿಳಿ ಚುಕ್ಕೆಗಳಾಗಿಸುತ್ತದೆ, ಪ್ರಾಣಿ ಅಥವಾ ಸವಾರನ ಗಮನ ಕದಡುವ ಅಪಾಯವೂ ಇದೆ. ಅನೇಕ ಅಖಾಡಗಳು ಇದನ್ನು ನಿಷೇಧಿಸಿವೆ. ಆಯೋಜಕರ ಅನುಮತಿಯಿಲ್ಲದೆ ಫ್ಲ್ಯಾಶ್ ಮುಟ್ಟಲೇಬಾರದು.

ಎಲ್ಲಿ ನಿಲ್ಲಬೇಕು, ಎಲ್ಲಿಂದ ಶುರುಮಾಡಬೇಕು

ಬೇಲಿಯ ಕಂಬಿಗಳ ನಡುವಿನ ಸಂದಿನಿಂದ, ನೆಲಕ್ಕೆ ಹತ್ತಿರವಾಗಿ ತೆಗೆದರೆ ನೆಗೆದ ಪ್ರಾಣಿ ಆಕಾಶಕ್ಕೆ ಏರಿದಂತೆ ಕಾಣುತ್ತದೆ, ಟೋಪಿಯ ಅಂಚಿನ ಕೆಳಗಿನ ಮುಖವೂ ಕಾಣುತ್ತದೆ. ಲೆನ್ಸಿನ ಮೂತಿಯನ್ನು ಬೇಲಿಯಿಂದ ಒಳಗೆ ಚಾಚುವುದು ಮಾತ್ರ ಅಪಾಯ. ಬೇಲಿಗೆ ಒರಸಿಕೊಂಡು ಓಡುವ ಗೂಳಿ ಲೆನ್ಸನ್ನೂ ಕೈಯನ್ನೂ ನುಗ್ಗುಮಾಡಬಲ್ಲದು. ಪ್ರೇಕ್ಷಕರ ಗ್ಯಾಲರಿಯಿಂದ ತೆಗೆಯುವವರು ಬೇಲಿಯ ಮೇಲಿನಿಂದ ಅಖಾಡ ಕಾಣುವ ಸಾಲು ಆರಿಸಿಕೊಂಡರೆ ಹಿನ್ನೆಲೆಗೆ ಬರೀ ಮಣ್ಣು ಬರುತ್ತದೆ, ಜಾಹೀರಾತುಗಳ ಗದ್ದಲ ತಪ್ಪುತ್ತದೆ. ಪೀಪಾಯಿ ಓಟದಲ್ಲಿ ಕುದುರೆ ತಿರುವಿಗಾಗಿ ವೇಗ ತಗ್ಗಿಸಿ, ಮೈ ವಾಲಿಸಿ, ಸವಾರಳ ಮುಖ ಮುಂದಿನ ಪೀಪಾಯಿಯತ್ತ ಹೊರಳುವ ಜಾಗವೇ ಗುರಿ. ಪೀಪಾಯಿ ಕದಲುವುದಿಲ್ಲವಾದ್ದರಿಂದ ಫೋಕಸನ್ನು ಮೊದಲೇ ಅಲ್ಲಿ ಇಟ್ಟುಕೊಂಡು ಕಾಯಬಹುದು.

ಕಲಿಯುವವರಿಗೆ ಎರಡು ಅವಕಾಶಗಳು ಉತ್ತಮ. ಒಂದು, ‘ಸ್ಲ್ಯಾಕ್’. ಮುಖ್ಯ ಪ್ರದರ್ಶನದಲ್ಲಿ ಹಿಡಿಸದಷ್ಟು ಸ್ಪರ್ಧಿಗಳಿದ್ದಾಗ ಉಳಿದವರಿಗೆ ಬೇರೆ ಹೊತ್ತಿನಲ್ಲಿ ನಡೆಸುವ ಸ್ಪರ್ಧೆಯಿದು. ಜನ ಕಡಿಮೆ, ಒಂದೇ ಸ್ಪರ್ಧೆ ಹತ್ತಾರು ಸಲ ಮರುಕಳಿಸುತ್ತದೆ. ಇನ್ನೊಂದು, ಮಕ್ಕಳು ಹೆಲ್ಮೆಟ್ ತೊಟ್ಟು ಕುರಿಯ ಮೇಲೆ ಕೂರುವ ಆಟ. ಅಲ್ಲಿ ವೇಗ ಕಡಿಮೆ, ಭಾವನೆ ಹೆಚ್ಚು.

ಸಾಧಾರಣ ಬೆಳಕಿನ ಅಖಾಡದಲ್ಲಿ ಆರಂಭಕ್ಕೆ ಈ ಹೊಂದಾಣಿಕೆಗಳು ಸಾಕು:

- ಗೂಳಿ, ಕುದುರೆ ಸವಾರಿ: 1/1000, ಎಫ್/2.8, ಐಎಸ್‌ಒ 6400
- ಕರು ಕಟ್ಟುವುದು, ಹೋರಿ ಕೆಡಹುವುದು, ಎದುರಿನಿಂದ: 1/640ರಿಂದ 1/800
- ಪೀಪಾಯಿ ಓಟದ ತಿರುವು: 1/800
- ಓಟದ ಜೊತೆ ಕ್ಯಾಮೆರಾ ತಿರುಗಿಸಿ ಹಿನ್ನೆಲೆ ಮಸುಕಾಗಿಸಲು: 1/30ರಿಂದ 1/60
- ಮ್ಯಾನ್ಯುಯಲ್ ಎಕ್ಸ್‌ಪೋಶರ್, ನಿರಂತರ ಫೋಕಸ್, ಮಿಣುಕು ತಡೆ, ರಾ ಕಡತ

ದೂಳಿನಲ್ಲಿ ಲೆನ್ಸ್ ಬದಲಿಸಬಾರದು. ಸೆನ್ಸರಿಗೆ ಕೂತ ಕಣ ಪ್ರತಿ ಚಿತ್ರದಲ್ಲೂ ಕಾಣುತ್ತದೆ. ಮನೆಗೆ ಬಂದ ಮೇಲೆ ಮೊದಲು ಚಿತ್ರ ಆರಿಸಿ, ಆಮೇಲೆ ನಾಯ್ಸ್ ತಗ್ಗಿಸಬೇಕು. ಈಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಐಎಸ್‌ಒ 12800ರ ಚಿತ್ರವನ್ನೂ ಮುದ್ರಣಕ್ಕೆ ಯೋಗ್ಯವಾಗಿಸುತ್ತವೆ. ಆದರೆ ಅತಿಯಾದರೆ ಕುದುರೆಯ ರೋಮ ಮೇಣದಂತೆ ನುಣುಪಾಗುತ್ತದೆ.

ದಾರಿ ತೋರಿದವರು

1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ನಾಗಾಲೋಟದ ಕುದುರೆಯ ನಾಲ್ಕೂ ಕಾಲು ಒಮ್ಮೆ ನೆಲ ಬಿಡುತ್ತವೆಂದು ತೋರಿಸಿದರು. ಅಂದಿನ ರಾಸಾಯನಿಕ ಫಲಕಗಳು ಅಷ್ಟು ಕಿರಿದಾದ ಹೊತ್ತಿನಲ್ಲಿ ಚಿತ್ರ ಹಿಡಿಯಲು ಬಿಸಿಲಿನ ಪೂರ್ಣ ಬಲವೇ ಬೇಕಿತ್ತು. 20ನೇ ಶತಮಾನದ ಮೊದಲರ್ಧದಲ್ಲಿ ರಾಲ್ಫ್ ಡಬಲ್‌ಡೇ ತೆಗೆದ ರೋಡಿಯೊ ಚಿತ್ರಗಳು ಅಂಚೆ ಕಾರ್ಡುಗಳಾಗಿ ಅಮೆರಿಕದ ಮನೆ ಮನೆ ತಲುಪಿದವು. ರೋಡಿಯೊ ಛಾಯಾಗ್ರಾಹಕ ಡಿವೇರ್ ಹೆಲ್ಫ್‌ರಿಕ್ ಅವರ ಚಿತ್ರಸಂಗ್ರಹ ಒಕ್ಲಹೋಮ ಸಿಟಿಯ ನ್ಯಾಷನಲ್ ಕೌಬಾಯ್ ವಸ್ತುಸಂಗ್ರಹಾಲಯದಲ್ಲಿದೆ. ನ್ಯೂಯಾರ್ಕ್‌ನಲ್ಲಿ ಹುಟ್ಟಿ ಅರಿಜೋನಾದ ಟೂಸಾನ್‌ನಲ್ಲಿ ನೆಲೆಸಿದ ಲೂಯಿಸ್ ಸರ್ಪಾ, 1963ರಲ್ಲಿ ಅಖಾಡದ ಒಳಗೇ ನಿಂತು ಚಿತ್ರ ತೆಗೆಯಲು ರೋಡಿಯೊ ಸಂಘದ ಅನುಮತಿ ಪಡೆದ ಮೊದಲ ಮಹಿಳೆ. ಗ್ಯಾರಿ ವಿನೋಗ್ರಾಂಡ್ ಫೋರ್ಟ್ ವರ್ತ್‌ನ ಜಾನುವಾರು ಪ್ರದರ್ಶನ ಮತ್ತು ರೋಡಿಯೊದ ಚಿತ್ರಗಳನ್ನು 1980ರಲ್ಲಿ ಪುಸ್ತಕವಾಗಿ ತಂದರು. ಇವರಲ್ಲಿ ಯಾರಿಗೂ ಇಂದಿನ ಫೋಕಸ್ ವ್ಯವಸ್ಥೆಯಿರಲಿಲ್ಲ. ಅವರ ಚಿತ್ರಗಳು ನಿಂತಿರುವುದು ಪ್ರಾಣಿಯನ್ನೂ ಸವಾರನನ್ನೂ ಬಲ್ಲ ಕಣ್ಣಿನ ಮೇಲೆ.

ಛಾಯಾಗ್ರಾಹಕನ ಹೊಣೆ

ರೋಡಿಯೊ ಬಗ್ಗೆ ಪ್ರಾಣಿದಯಾ ಸಂಘಟನೆಗಳ ವಿರೋಧ ಹಳೆಯದು. ಬ್ರಿಟನ್ 1934ರಲ್ಲೇ ಕಾನೂನು ತಂದು, ಪಳಗದ ಕುದುರೆ ಮತ್ತು ಗೂಳಿಗಳನ್ನು ಹಗ್ಗ ಹಾಕಿ ಕೆಡಹುವಂಥ ಪ್ರದರ್ಶನಗಳನ್ನು ತಡೆಯಿತು. ಅಮೆರಿಕದ ಸಂಘಗಳು ಪಶುವೈದ್ಯರ ಹಾಜರಿ, ಹಿಮ್ಮಡಿ ಮುಳ್ಳಿನ ಮೊನಚು ಮುಂತಾದವಕ್ಕೆ ನಿಯಮ ಮಾಡಿವೆ. ಈ ವಾದದಲ್ಲಿ ಯಾರ ನಿಲುವು ಏನೇ ಇರಲಿ, ಛಾಯಾಗ್ರಾಹಕನ ಕರ್ತವ್ಯ ಒಂದೇ: ಕಂಡದ್ದನ್ನು ನೇರವಾಗಿ ದಾಖಲಿಸುವುದು. ಗಾಯಗೊಂಡ ಪ್ರಾಣಿಯನ್ನು ಚೌಕಟ್ಟಿನಿಂದ ಅಳಿಸಬಾರದು, ಬಿದ್ದ ಸವಾರನ ನೋವನ್ನು ಸಂತೆಗಿಡಲೂಬಾರದು. ರಕ್ಷಣಾ ಸಿಬ್ಬಂದಿಯ ದಾರಿಗೆ ಅಡ್ಡ ನಿಲ್ಲಬಾರದು.

ಕರಾವಳಿಯ ಕೆಸರುಗದ್ದೆಗೂ ಇದೇ ಪಾಠ

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ರಾತ್ರಿಯಿಡೀ ನಡೆಯುವ ಹೊನಲು ಬೆಳಕಿನ ಕೋಣಗಳ ಓಟವಾದ ಕಂಬಳದ ಛಾಯಾಗ್ರಾಹಕರಿಗೆ ಈ ಲೆಕ್ಕಗಳು ನೇರವಾಗಿ ಒದಗುತ್ತವೆ. ಅಲ್ಲೂ ಮಂದ ಬೆಳಕು, ಕಪ್ಪು ಮೈಯ ಕೋಣ, ಸೆಕೆಂಡುಗಳಲ್ಲಿ ಮುಗಿಯುವ ಓಟ. ಅಲ್ಲಿ ದೂಳಿನ ಬದಲು ಎರಚುವ ಕೆಸರುನೀರು, 120ರ ಬದಲು 100 ಮಿಣುಕು. ಕರೆ ಎಂಬ ಓಟದ ಹಾದಿಯ ತುದಿಯಲ್ಲಿ, ಓಟ ಮುಗಿಯುವ ಮಂಜೊಟ್ಟಿಯ ಕಡೆ ಎದುರಾಗಿ ನಿಂತರೆ ಅಡ್ಡ ಚಲನೆ ಕಡಿಮೆಯಾಗುತ್ತದೆ, ಓಡಿಸುವವನ ಮುಖ ಕೋಣಗಳ ನಡುವೆ ಕಾಣುತ್ತದೆ. ಟೆಕ್ಸಾಸ್‌ನಲ್ಲಿರುವ ಕನ್ನಡಿಗನೊಬ್ಬ ಹ್ಯೂಸ್ಟನ್ ರೋಡಿಯೊದಲ್ಲಿ ಕಲಿತದ್ದನ್ನು ಊರಿಗೆ ಬಂದಾಗ ಮೂಡಬಿದಿರೆಯ ಕರೆಯಲ್ಲಿ ಬಳಸಬಹುದು, ಕಂಬಳದಲ್ಲಿ ಪಳಗಿದವನು ಅಲ್ಲಿಗೆ ಹೋದರೂ ತಡವರಿಸಬೇಕಿಲ್ಲ. ಎರಡೂ ಕಡೆ ಮೊದಲ ಕೆಲಸ ಒಂದೇ: ಕೆಲವು ಓಟಗಳನ್ನು ಕ್ಯಾಮೆರಾ ಎತ್ತದೆ ನೋಡಿ, ಪ್ರಾಣಿ ಎಲ್ಲಿ ನೆಗೆಯುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಧಾನಿಸುತ್ತದೆ ಎಂದು ಗುರುತಿಟ್ಟುಕೊಳ್ಳುವುದು. ಇರುವಷ್ಟು ಬೆಳಕನ್ನು ಆ ಜಾಗಗಳಿಗಾಗಿ ಮೀಸಲಿಟ್ಟವರಿಗೆ ಸ್ಫುಟ ಚಿತ್ರ ಸಿಕ್ಕೇ ಸಿಗುತ್ತದೆ.